ತವರೂರಿನ ಹೋಟೆಲು

ಷಿಕಾಗೊ
ಡಿಸೆಂಬರ್ 11, 1999

ಮಗಳು ಬೋಗುಸ್ಯಾಗೆ ಅಮ್ಮನ ಆಶೀರ್ವಾದಗಳು.

ನೀನು ಮತ್ತೆ ಮತ್ತೆ ಫೋನು ಮಾಡಿದೆ. ಪ್ರತಿ ಸಲವೂ ನಾನು "ಒಲೆ ಮೇಲೆ ಏನೋ ಇದೆ" ಎಂದು ಇಟ್ಟುಬಿಟ್ಟೆ. ಒಲೆಯ ಮೇಲೆ ಏನೂ ಇರಲಿಲ್ಲ. ಈ ಕಾಗದ ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಇಂಥ ಮಾತೆಲ್ಲ ಫೋನಿನಲ್ಲಿ ಆಡಲು ನನಗೆ ಬರುವುದಿಲ್ಲ. ನಡುವೆ ರಿಕ್ ಇನ್ನೊಂದು ಕೋಣೆಯ ಫೋನು ಎತ್ತಿ "ಹಲೋ ಅತ್ತೆ!" ಎಂದು ಕೂಗುತ್ತಾನೆ, ಹೇಳಬೇಕಾದದ್ದು ಮರೆತೇ ಹೋಗುತ್ತದೆ. ಅಳಿಯ ಒಳ್ಳೆಯವನು, ಇಲ್ಲವೆನ್ನುವುದಿಲ್ಲ. ಆದರೆ ಆ ಡೆನ್ವರಿನಲ್ಲಿ ಮಕ್ಕಳಿಗೆ ಮೆಲ್ಲಗೆ ಮಾತಾಡುವುದನ್ನು ಯಾರೂ ಕಲಿಸುವುದಿಲ್ಲವೇನೋ.

ನನ್ನ ಮಂಡಿ ಹೇಗಿತ್ತೋ ಹಾಗೇ ಇದೆ. ಹಿಮ ಈ ವರ್ಷ ಬೇಗ ಬಿತ್ತು. ಕೆಳಗಿನ ಮನೆಯವರು ಮೆಟ್ಟಿಲ ಮೇಲಿನ ಹಿಮ ತೆಗೆಯುತ್ತೇವೆ ಎಂದರು, ಬೇಡವೆಂದೆ. ಅವರು ತೆಗೆದರೆ ಅಂಚಿನಲ್ಲಿ ಬಿಟ್ಟುಬಿಡುತ್ತಾರೆ.

ಈಗ ನಿಮ್ಮ ಈಸ್ಟರ್ ರಜೆಯ ವಿಷಯ. ರಿಕ್ ಟೈಪು ಮಾಡಿ ಕಳಿಸಿದ ಕಾರ್ಯಕ್ರಮ ಓದಿದೆ. ಸೋಮವಾರ ಅರಮನೆ, ಮಂಗಳವಾರ ಉಪ್ಪಿನ ಗಣಿ, ಬುಧವಾರ ಕುದುರೆ ಗಾಡಿಯಲ್ಲಿ ಹಳೇ ಪೇಟೆ. ನಮ್ಮೂರು ಕ್ರಾಕೋವ್‌ನಲ್ಲಿ ಹುಟ್ಟಿದವರು ಯಾರೂ ಆ ಕುದುರೆ ಗಾಡಿ ಹತ್ತಿದ್ದನ್ನು ನಾನು ಕಂಡಿಲ್ಲ. ಹತ್ತಿಸಲಿ, ಹತ್ತುತ್ತೇನೆ. ನನ್ನನ್ನು ಕರೆದುಕೊಂಡು ಹೋಗಬೇಕೆಂದು ಅವನೇ ಮೊದಲು ಹೇಳಿದನಂತೆ. ಮದುವೆಯಾಗಿ ಈ ದೇಶಕ್ಕೆ ಬಂದ ಮೇಲೆ ನಾನು ಆ ಊರಿಗೆ ಹೋದದ್ದು ಒಂದೇ ಸಲ, ಅದೂ ಅಮ್ಮನ ಮಣ್ಣಿಗೆ. ಊರು ನೋಡಲು ಅಲ್ಲ. ಮಣ್ಣಿಗೆ ಹೋದವರಿಗೆ ಊರು ಕಾಣಿಸುವುದಿಲ್ಲ.

ಕಳೆದ ತಿಂಗಳು ಅವನಿಗೆ ಫೋನಿನಲ್ಲಿ ಜೋರು ಮಾಡಿದ್ದು ನಿನಗೆ ನೆನಪಿದೆ. ಪಾಪ, ಎಷ್ಟು ಸಂಭ್ರಮದಲ್ಲಿದ್ದ.

"ಅತ್ತೆ, ದೊಡ್ಡ ಚೌಕದ ಪಕ್ಕದಲ್ಲೇ ಹೋಟ್ಲು ಸಿಕ್ತು! ಕಿಟಕಿ ತೆಗೆದ್ರೆ ಸಾಕು, ಚರ್ಚ್ ಗೋಪುರದ ಕಹಳೆ ಕೇಳ್ಸುತ್ತಂತೆ!"

"ಆ ಕಹಳೆ ಕೇಳ್ಕೊಂಡೇ ಹಾಲು ಕುಡ್ದೋಳಪ್ಪ ನಾನು. ಅದನ್ನ ಕೇಳೋಕೆ ನಂಗೆ ಹೋಟ್ಲು ಬೇಕಾ?"

"ಮತ್ತೆ ಎಲ್ಲಿ ಇರೋದು ಅತ್ತೆ?"

"ಎಲ್ಲಿ ಅಂದ್ರೆ? ನಮ್ಮನೇಲಿ! ಕ್ರೊವೊದೆರ್ಸ್ಕಾ ಬೀದೀಲಿ ನಮ್ಮನೆ ಇನ್ನೂ ಬಿದ್ದಿಲ್ಲ. ನನ್ನ ತಂಗಿ ಲುದ್ವಿಕಾ ಇನ್ನೂ ಸತ್ತಿಲ್ಲ. ಮೊದ್ಲು ಆ ಹೋಟ್ಲು ಬೇಡ ಅಂತ ಹೇಳು."

ನೀನು ಆ ಕಡೆಯಿಂದ "ಅಮ್ಮಾ, ಚಿಕ್ಕಮ್ಮಂಗೆ ಯಾಕೆ ತೊಂದ್ರೆ" ಎಂದೆ. ನೀನೂ ಬೈಸಿಕೊಂಡೆ. ನೀನು ಇಲ್ಲಿ ಹುಟ್ಟಿದವಳು, ನಿನಗೆ ಗೊತ್ತಿಲ್ಲ. ನಮ್ಮಲ್ಲಿ ನೆಂಟರು ಬಂದರೆ ಮನೆಯವರು ನೆಲದ ಮೇಲೆ ಮಲಗಿ ಹಾಸಿಗೆ ಬಿಟ್ಟುಕೊಡುತ್ತಾರೆ. ನನ್ನ ಚಿಕ್ಕಪ್ಪನ ಮಗಳ ಮದುವೆಗೆ ಹಳ್ಳಿಯಿಂದ ಜನ ಬಂದು ಮನೆ ತುಂಬಿಹೋದಾಗ ನಿನ್ನ ಅಜ್ಜಿ ಸ್ನಾನದ ತೊಟ್ಟಿಯಲ್ಲಿ ಕಂಬಳಿ ಹಾಸಿಕೊಂಡು ಮಲಗಿದ್ದಳು. ಲುದ್ವಿಕಾ ಹೋಗಿ ಇಣುಕಿ, "ಅಮ್ಮಾ, ನಲ್ಲಿ ತಿರುಗಿಸ್ಲಾ?" ಎಂದಿದ್ದಕ್ಕೆ ಅಮ್ಮ ತೊಟ್ಟಿಯೊಳಗಿಂದಲೇ ಚಪ್ಪಲಿ ಎಸೆದಳು. ನಾವಿಬ್ಬರೂ ನಕ್ಕು ನಕ್ಕು ಸಾಕಾಯಿತು. ಹುಟ್ಟಿದ ಊರಿಗೆ ಹೋಗಿ ಹೋಟೆಲಿನಲ್ಲಿ ಇಳಿಯುವವಳನ್ನು ನೋಡಿದರೆ ನಮ್ಮವರು ಎರಡೇ ಮಾತು ಅಂದುಕೊಳ್ಳುತ್ತಾರೆ. ಒಂದೋ ಇವಳಿಗೆ ಅಲ್ಲಿ ಯಾರೂ ಇಲ್ಲ, ಇಲ್ಲವೋ ಇವಳು ಅವರಿಗೆ ಬೇಡ.

ಆಮೇಲೆ ನಾನು ಲುದ್ವಿಕಾಗೆ ಬರೆದೆ. ಈಸ್ಟರ್‌ಗೆ ಬರುತ್ತಿದ್ದೇವೆ, ನಾನು, ಮಗಳು, ಅಳಿಯ, ಮೂರು ಜನ ಎಂದು ಬರೆದೆ. ಅವಳ ಉತ್ತರ ಬಂದಿದೆ. ಎಲ್ಲರೂ ಚೆನ್ನಾಗಿದ್ದಾರಂತೆ. ಅವಳ ಮಗನೂ ಸೊಸೆಯೂ ಈಗ ಅಲ್ಲೇ ಇದ್ದಾರೆ, ಮಗು ನಡೆಯುವುದನ್ನು ಕಲಿಯುತ್ತಿದೆ.

ಅದಕ್ಕೇ ಈ ಕಾಗದ. ಹೋಟೆಲನ್ನು ಬೇಡವೆಂದು ಹೇಳಬೇಡಿ. ಹೇಳಿಬಿಟ್ಟಿದ್ದರೆ ರಿಕ್‌ಗೆ ಮತ್ತೆ ಹಿಡಿಯಲು ಹೇಳು. ನಾನು ಯೋಚನೆ ಮಾಡಿ ನೋಡಿದೆ. ನಮ್ಮ ಮನೆ ಇರುವುದು ಮೂರನೇ ಮಹಡಿಯಲ್ಲಿ, ಲಿಫ್ಟು ಇಲ್ಲ, ನನ್ನ ಮಂಡಿಗೆ ಆಗುವುದಿಲ್ಲ. ಒಂದೇ ಬಚ್ಚಲು. ಬೆಳಿಗ್ಗೆ ರಿಕ್ ಒಳಗೆ ಹೋದರೆ ಪತ್ರಿಕೆ ಓದಿ ಮುಗಿಸಿಕೊಂಡೇ ಹೊರಗೆ ಬರುವವನು. ಅವನ ಗೊರಕೆಗೆ ಮಗು ಎದ್ದು ಕೂರುತ್ತದೆ. ಹೀಗೆ ಎಲ್ಲರಿಗೂ ತೊಂದರೆ. "ಅತ್ತೆ ಹಟ ಬಿಟ್ರಾ!" ಎಂದು ರಿಕ್ ನಗುತ್ತಾನೆ. ನಗಲಿ. ನೀನು ಜೊತೆಗೆ ನಗಬೇಡ.

ಇಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ಕ್ರಿಸ್‌ಮಸ್ ಮಾರಾಟಕ್ಕೆ ಪಿಯೆರೋಗಿ ಮಾಡುತ್ತಿದ್ದೇವೆ. ಆಲೂಗೆಡ್ಡೆ ಹೂರಣ, ಅಣಬೆ ಹೂರಣ, ಎರಡೂ. ಹೊಸಬರು ಅಂಚು ಸರಿಯಾಗಿ ಒತ್ತುವುದಿಲ್ಲ, ಕಡುಬು ನೀರಲ್ಲೇ ಬಾಯಿಬಿಡುತ್ತದೆ. ನಾನು ಕೈಗೆ ಹೊಡೆದು ಕಲಿಸುತ್ತೇನೆ. ಮೊನ್ನೆ ಎದುರು ಮೇಜಿನಲ್ಲಿ ಲಟ್ಟಿಸುತ್ತಿದ್ದ ಗೆನೊವೆಫಾ ಎಲ್ಲರಿಗೂ ಕೇಳುವ ಹಾಗೆ ಶುರು ಮಾಡಿದಳು.

"ಏನ್ರೀ ಕಜಿಮಿಯೆರಾ, ತವರಿಗೆ ಹೋಗಿ ಹೋಟ್ಲಲ್ಲಿ ಇರ್ತೀರಂತೆ? ನಿಮ್ಮ ಮಗಳು ನಮ್ಮ ಮಗಳಿಗೆ ಹೇಳಿದ್ಳು."

ಹೋಟೆಲು ಸಿಕ್ಕ ದಿನವೇ ನೀನು ಅವಳಿಗೆ ಏಕೆ ಹೇಳಿದೆ? ಇರಲಿ.

"ಹೌದ್ರೀ" ಎಂದೆ. "ಅಳಿಯ ಇಷ್ಟಪಟ್ಟು ಹಿಡಿದಿದಾನೆ. ಬೇಡ ಅನ್ನೋಕಾಗುತ್ತಾ?"

"ನಿಮ್ಮ ತಂಗಿ ಸುಮ್ನೆ ಬಿಟ್ಟಾಳಾ?"

"ಅವಳನ್ನ ಒಪ್ಪಿಸೋಷ್ಟರಲ್ಲಿ ಸಾಕಾಯ್ತು. ಅಳ್ತಾ ಕೂತಿದಾಳೆ. ನೀವು ಹಿಟ್ಟು ನೋಡ್ರೀ, ಚರ್ಮದ ಹಾಗೆ ಲಟ್ಟಿಸಿದೀರಿ."

ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. ಗೆನೊವೆಫಾ ಹಿಟ್ಟನ್ನು ಮುದ್ದೆ ಮಾಡಿ ಮತ್ತೆ ಲಟ್ಟಿಸತೊಡಗಿದಳು. ನಾನು ಸುಳ್ಳು ಹೇಳುವವಳಲ್ಲ, ಅದು ನಿನಗೆ ಗೊತ್ತು. ಮನೆಗೆ ಬರುವ ದಾರಿಯಲ್ಲಿ ಬಸ್ಸು ಬಿಟ್ಟು ನಡೆದೇ ಬಂದೆ.

ನಿನಗೆ ಒಂದೆರಡು ಮಾತು. ಏಪ್ರಿಲ್‌ನಲ್ಲೂ ಅಲ್ಲಿ ಚಳಿ ಇರುತ್ತದೆ, ಉಣ್ಣೆಯ ಕೋಟು ಇಟ್ಟುಕೋ. ಕಲ್ಲುಹಾಸಿನ ಬೀದಿ, ಹಿಮ್ಮಡಿ ಎತ್ತರದ ಚಪ್ಪಲಿ ಬೇಡ. ಅಜ್ಜಿಯ ಸಮಾಧಿಗೆ ಹೋಗುವಾಗ ಹೂವನ್ನು ಗೇಟಿನ ಹತ್ತಿರದ ಮುದುಕಿಯರ ಬಳಿಯೇ ತೆಗೆದುಕೊಳ್ಳೋಣ. ರಿಕ್ ಅಲ್ಲಿ ಫೋಟೋ ತೆಗೆಯುತ್ತಾ ನಿಲ್ಲಬಾರದು. ಭಾಷೆ ಮರೆತಿದ್ದೇನೆ ಎಂದು ನಾಚಿಕೊಂಡು ಬಾಯಿ ಮುಚ್ಚಿಕೊಂಡಿರಬೇಡ. ತಪ್ಪುತಪ್ಪಾಗಿಯಾದರೂ ಮಾತಾಡು. ನೀನು ಚಿಕ್ಕವಳಿದ್ದಾಗ "ನಾನೊಂದು ದಿನ ನಿನ್ನನ್ನ ನಿಮ್ಮೂರಿಗೆ ಕರ್ಕೊಂಡು ಹೋಗ್ತೀನಿ ಅಮ್ಮಾ" ಎನ್ನುತ್ತಿದ್ದೆ. ಮಕ್ಕಳು ಏನೇನೋ ಹೇಳುತ್ತವೆ ಎಂದುಕೊಂಡಿದ್ದೆ. ನಿನ್ನಂಥ ಮಗಳು ಸಿಕ್ಕಿದ್ದಕ್ಕೆ ನಾನು ಯಾವತ್ತೂ ಬಾಯಿಬಿಟ್ಟು ಏನೂ ಹೇಳಿಲ್ಲ. ಈಗ ಹೇಳಿದ ಹಾಗಾಯಿತು.

ದೇವಮಾತೆ ನಿಮ್ಮಿಬ್ಬರನ್ನೂ ಕಾಪಾಡಲಿ. ನಿಮ್ಮ ಮನೆ ಬೆಚ್ಚಗಿರಲಿ, ಬಂದವರಿಗೆಲ್ಲ ಜಾಗ ಇರಲಿ.

ಇಂತು ನಿನ್ನ ಅಮ್ಮ,
ಕಜಿಮಿಯೆರಾ

ತಾ.ಕ.: ಲಕೋಟೆಯಲ್ಲಿ ಕ್ರಿಸ್‌ಮಸ್ ರೊಟ್ಟಿ ಇದೆ, ಕಾಗದದಷ್ಟು ತೆಳ್ಳಗಿದೆ, ಹುಷಾರಾಗಿ ತೆಗೆ. ಹಬ್ಬದ ಹಿಂದಿನ ದಿನ ಊಟಕ್ಕೆ ಕೂರುವ ಮೊದಲು ಮುರಿದು ಹಂಚಿಕೊಳ್ಳಿ. ಹೋದ ವರ್ಷ ರಿಕ್ ಫೋನು ಮಾಡಿ "ಅತ್ತೆ, ಅಂಚೆಯವ್ರು ಮೂಲೆ ಮುರಿದುಬಿಟ್ಟಿದಾರೆ, ಇನ್ನೊಂದು ಕಳಿಸ್ತೀರಾ" ಎಂದ. ಈ ಸಲವಾದರೂ ಅವನಿಗೆ ತಿಳಿಸಿ ಹೇಳು. ಕಳಿಸುವವಳು ಒಂದು ಮೂಲೆ ಮುರಿದು ತಾನು ತಿನ್ನುತ್ತಾಳೆ, ಉಳಿದದ್ದನ್ನು ಕಳಿಸುತ್ತಾಳೆ. ನಡುವೆ ಸಮುದ್ರವಿದ್ದರೂ ಒಂದೇ ರೊಟ್ಟಿ ತಿಂದ ಹಾಗೆ. ನಿಮ್ಮದರ ಮೂಲೆಯನ್ನು ನಾನು ಈಗ ತಾನೇ ತಿಂದೆ.

ಲುದ್ವಿಕಾ ಕಳಿಸಿದ ರೊಟ್ಟಿ ಇಡಿಯಾಗಿ ಬಂತು. ನಾಲ್ಕು ಮೂಲೆಯೂ ನೆಟ್ಟಗಿದ್ದವು. ಕನ್ನಡಕ ಹಾಕಿಕೊಂಡು ಅಂಚನ್ನೆಲ್ಲ ಬೆರಳಿಂದ ಮುಟ್ಟಿ ನೋಡಿದೆ. ಅಲ್ಲಿ ಸೈನ್ಯದ ಆಡಳಿತವಿದ್ದಾಗ ಕಾಗದಗಳನ್ನೆಲ್ಲ ಒಡೆದು ಓದಿ ಅಂಟಿಸಿ ಕಳಿಸುತ್ತಿದ್ದರು. ಆಗಲೂ ಅವಳ ರೊಟ್ಟಿಯ ಮೂಲೆ ಮುರಿದೇ ಇರುತ್ತಿತ್ತು. ಅವಳು ಮರೆಯುವವಳಲ್ಲ. ಜೊತೆಯ ಕಾರ್ಡಿನ ಕೊನೆಯಲ್ಲಿ ಬರೆದಿದ್ದಾಳೆ: "ಈಸ್ಟರ್‌ಗೆ ಬರುವುದು ಸಂತೋಷ. ಯಾವ ಹೋಟೆಲಿನಲ್ಲಿ ಇಳಿಯುತ್ತೀರಿ?"

ಅಮ್ಮ ಹಾಸಿಗೆ ಹಿಡಿದ ಮೇಲೆ ಅವಳನ್ನು ಮಗ್ಗುಲು ತಿರುಗಿಸಿದವಳು, ತೊಳೆದವಳು, ಬೈಸಿಕೊಂಡವಳು ಲುದ್ವಿಕಾ. ನಾನು ಇಲ್ಲಿಂದ ಕಾಫಿ ಪುಡಿ, ಸ್ವೆಟರು ಕಳಿಸುತ್ತಿದ್ದೆ. ಅವಳ ಮನಸ್ಸಿನಲ್ಲಿ ಏನಿದೆಯೆಂದು ನನಗೆ ಗೊತ್ತಾಗುತ್ತದೆ. ಆದರೂ ನನಗೆ ಕೋಪವಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆ ರೊಟ್ಟಿಯನ್ನು ಮುರಿಯಲು ನನ್ನ ಕೈ ಬರುತ್ತಿಲ್ಲ, ಮೇಜಿನ ಮೇಲೇ ಇದೆ.

ಈಸ್ಟರ್‌ನಲ್ಲಿ ಹಂಚುವುದು ರೊಟ್ಟಿಯಲ್ಲ, ಮೊಟ್ಟೆ. ಶನಿವಾರ ಚರ್ಚಿನಲ್ಲಿ ನಮ್ಮ ಮೊಟ್ಟೆಯ ಬುಟ್ಟಿಗೆ ಆಶೀರ್ವಾದ ಮಾಡಿಸೋಣ. ಭಾನುವಾರ ಬೆಳಿಗ್ಗೆ ಆ ಮೊಟ್ಟೆ ತೆಗೆದುಕೊಂಡು ನಾನೊಬ್ಬಳೇ ಮನೆಗೆ ಹೋಗುತ್ತೇನೆ. ಮೂರು ಮಹಡಿಯನ್ನೂ ಹತ್ತುತ್ತೇನೆ. ಹೊರಡುವ ಮೊದಲೇ ಅದನ್ನು ಹೋಳು ಮಾಡಿಟ್ಟುಕೊಂಡಿರುತ್ತೇನೆ. ಅವಳು ಬಾಗಿಲು ತೆಗೆದ ಕೂಡಲೇ ಒಂದು ಹೋಳು ಅವಳ ಕೈಗೆ ಕೊಡಬೇಕು, ಒಂದನ್ನು ನಾನು ತಿನ್ನಬೇಕು. ಮಾತು ಆಮೇಲೆ.

ನನ್ನನ್ನು ಹುಡುಕಿಕೊಂಡು ಬರಬೇಡಿ. ತಡವಾದರೆ ಕಾಯದೆ ನೀವು ತಿಂಡಿ ತಿನ್ನಿ. ಬೇಗ ಬಂದುಬಿಟ್ಟರೆ ಏನೂ ಕೇಳಬೇಡ ಮಗಳೇ, ನನಗೊಂದು ಕಾಫಿ ಹೇಳು.