ಸಡಿಲ ಮಾಡಿಸಿದ ಬ್ರೇಕು

ಕುದೂರು,
ಸೋಮವಾರ, ೧೭-೧೧-೨೦೨೫

ಪ್ರೀತಿಯ ಅಮೂಲ್ಯ,

ಅಪ್ಪನ ಆಶೀರ್ವಾದ ಮಗಳೇ. ಹೇಗಿದ್ದೀಯ? ಬೆಳಗಾವಿಯ ಚಳಿಗೆ ಹತ್ತಿಕೊಂಡಿದ್ದ ಕೆಮ್ಮು ಹೋಯಿತೇ? ಆಸ್ಪತ್ರೆಯಲ್ಲಿ ದಿನವಿಡೀ ಊರವರಿಗೆಲ್ಲ ಮಾತ್ರೆ ಕೊಡುವ ನರ್ಸಮ್ಮ ತಾನು ಮಾತ್ರ ನುಂಗುವುದಿಲ್ಲ ಎಂದು ನಿಮ್ಮಮ್ಮನ ದೂರು. ನಾವಿಬ್ಬರೂ ಚೆನ್ನಾಗಿದ್ದೇವೆ. ಫೋನು ಇಟ್ಟುಕೊಂಡು ಅಪ್ಪ ಕಾಗದ ಬರೆದ ಎಂದು ನಗಬೇಡ. ಫೋನು ಮಾಡಿದರೆ ನಿಮ್ಮಮ್ಮ ಸ್ಪೀಕರ್ ಹಾಕಿ ಪಕ್ಕದಲ್ಲೇ ಕೂರುತ್ತಾಳೆ. ಅವಳ ಮುಂದೆ ಹೇಳಲು ನನಗೆ ಬಾಯಿ ಬರುವುದಿಲ್ಲ.

ನನ್ನನ್ನು ಕೇಳದೆ ನೀನು ಹೆಸರು ಬರೆಸಿದೆಯಲ್ಲ, ಆ ಬೈಕ್ ತರಬೇತಿಗೆ ನಿನ್ನೆ ರಾಮನಗರಕ್ಕೆ ಹೋಗಿದ್ದೆ. ಬೈದುಕೊಂಡೇ ಹೋದೆ. ಮೂವತ್ತು ವರ್ಷ ಗಾಡಿ ಓಡಿಸಿದವನಿಗೆ ಗಾಡಿ ಕಲಿಸುವುದೆಂದರೆ ಏನು? ಮೀನಿಗೆ ಈಜು ಕಲಿಸಿದ ಹಾಗೆ! ಅಮ್ಮ ಮತ್ತೆ ನನ್ನ ಹಿಂದೆ ಕೂರಬೇಕಾದರೆ ನಾನು ಹೋಗಲೇಬೇಕು ಎಂದು ನೀನು ಹಟ ಹಿಡಿದಿದ್ದಕ್ಕೆ ಹೋದೆ. ಗಾಡಿಯಿಂದ ಬಿದ್ದ ಮೇಲೆ ಮೂರು ವರ್ಷದಿಂದ ಅವಳು ಮಾಗಡಿಗೂ ಬಸ್ಸು, ತವರಿಗೂ ಬಸ್ಸು. ನಾನು ಖಾಲಿ ಗಾಡಿಯಲ್ಲಿ ಬಸ್ಸಿನ ಹಿಂದೆ ಹೋಗುತ್ತೇನೆ. ಊರವರು ನಗುತ್ತಾರೆ.

ಹೇಳಿಕೊಡುವವನ ಹೆಸರು ಅಜರ್. ನಿನ್ನಷ್ಟೇ ವಯಸ್ಸು. ನಾವು ಹದಿನೆಂಟು ಜನ, ಎಲ್ಲರೂ ಮೀಸೆ ಇರುವವರೇ, ಎಲ್ಲರೂ ಬಾಯಲ್ಲೇ ಬೈಕು ಹಾರಿಸುವವರು. ಒಬ್ಬ ಕನಕಪುರದಿಂದ ಕೈಬಿಟ್ಟು ಓಡಿಸಿಕೊಂಡು ಬಂದೆನೆಂದು ಕೊಚ್ಚಿಕೊಂಡ. ಇನ್ನೊಬ್ಬ ಗುಟ್ಕಾ ಉಗಿಯುತ್ತಾ, ಹೆಲ್ಮೆಟ್ ಹೆಣ್ಣು ಮಕ್ಕಳಿಗೆ ಎಂದ. ಅಸಹ್ಯವಾಯಿತು. ಆಮೇಲೆ ನೋಡಿದರೆ ನಾನೂ ಅದೇ ಜಾತಿ. ಅಜರ್ ಸುಣ್ಣದಲ್ಲಿ ಎರಡು ಗೆರೆ ಎಳೆದು, ಮೂವತ್ತರ ವೇಗದಲ್ಲಿ ಬಂದು ಅವುಗಳ ನಡುವೆ ನಿಲ್ಲಿಸಿ ಎಂದ. ಇದೇನು ಮಹಾ ಎಂದು ಹೋದೆ. ಕಾಲಿನ ಬ್ರೇಕು ತುಳಿದೆ. ಹಿಂದಿನ ಚಕ್ರ ಕಿರ್ರೆಂದು ಪಕ್ಕಕ್ಕೆ ಜಾರಿ, ಎರಡು ಗೆರೆಯನ್ನೂ ದಾಟಿ, ಆ ಕಡೆ ಇಟ್ಟಿದ್ದ ನೀರಿನ ಕ್ಯಾನು ಉರುಳಿಸಿ ನಿಂತೆ. ಹುಡುಗ ಓಡಿ ಬಂದು ನನ್ನ ಮುಂದಿನ ಬ್ರೇಕು ಹಿಡಿದು ನೋಡಿದ. ಅದು ಸೀದಾ ಹ್ಯಾಂಡಲಿಗೆ ಅಂಟಿಕೊಂಡಿತು. "ಅಂಕಲ್, ಇದೇನು ಶೋಗೆ ಇಟ್ಕೊಂಡಿದ್ದೀರಾ?" ಎಂದ.

ನಿನಗೆ ಗೊತ್ತಿಲ್ಲದ್ದೇನು? ನಮ್ಮೂರಲ್ಲಿ ಹೊಸ ಗಾಡಿ ತಂದ ದಿನ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿಸುವುದು, ಅಲ್ಲಿಂದ ನೇರ ಸಾಬೀರನ ಗ್ಯಾರೇಜಿಗೆ ತಂದು ಮುಂದಿನ ಬ್ರೇಕಿನ ಕೇಬಲ್ ಸಡಿಲ ಮಾಡಿಸುವುದು. ಅದನ್ನು ಹಿಡಿದರೆ ಗಾಡಿ ಮಗುಚುತ್ತದೆ ಎಂದು ನನಗೆ ನಮ್ಮಪ್ಪ ಹೇಳಿದ, ಅಪ್ಪನಿಗೆ ಯಾರು ಹೇಳಿದರೋ. ಸಾಬೀರ್ ಪ್ರತಿ ಸಲವೂ "ಬ್ಯಾಡ ಕಣಣ್ಣ, ನಿಲ್ಸೋದೇ ಅದು" ಎನ್ನುತ್ತಿದ್ದ. ನಾವು ಕೇಳಿದವರೇ? ಹದಿನೆಂಟರಲ್ಲಿ ಒಂಬತ್ತು ಗಾಡಿಗಳ ಕಥೆ ನಿನ್ನೆ ಇದೇ. ಅಜರ್ ಪಾಪ, ಎಲ್ಲರ ಕೇಬಲನ್ನೂ ತಾನೇ ಬಿಗಿ ಮಾಡಿದ. ಒಮ್ಮೆಗೇ ಅಮುಕಬೇಡಿ, ಹಾಲು ಕರೆಯುವ ಹಾಗೆ ಮೆತ್ತಗೆ ಹಿಡಿದು ಒತ್ತುತ್ತಾ ಹೋಗಿ, ಕಣ್ಣು ಚಕ್ರದ ಮೇಲಲ್ಲ, ಹೋಗುವ ದಾರಿಯ ಮೇಲಿರಲಿ ಎಂದ. ಇಪ್ಪತ್ತು ಸಲ ಮಾಡಿಸಿದ. ಸಂಜೆ ಹೊತ್ತಿಗೆ ನನ್ನ ಗಾಡಿ ಗೆರೆಯೊಳಗೆ, ಅಲುಗದೆ, ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಮಾತ್ರ ಯಾರ ಮುಖವನ್ನೂ ನೋಡದೆ ಗಾಡಿ ತಳ್ಳಿಕೊಂಡು ಹೊರಗೆ ಬಂದೆ.

ಯಾಕೆಂದು ಹೇಳುತ್ತೇನೆ. ನಿಮ್ಮಮ್ಮ ಬಿದ್ದು ಕೈ ಮುರಿದುಕೊಂಡ ದಿನ ನಮ್ಮ ಬೀದಿಯ ಅಂಕಯ್ಯನ ನಾಯಿ ಅಡ್ಡ ಬಂತು ಎಂದೆನಲ್ಲ, ಯಾವ ನಾಯಿಯೂ ಬರಲಿಲ್ಲ ಮಗಳೇ. ತಿರುವಿನಲ್ಲಿ ಯಾರೋ ಒಕ್ಕಣೆಗೆಂದು ರಸ್ತೆ ತುಂಬ ಹುರುಳಿ ಗಿಡ ಹರಡಿದ್ದರು. ನೋಡಿದವನೇ ಕಾಲಿನ ಬ್ರೇಕು ತುಳಿದೆ, ಗಾಡಿ ನಿನ್ನೆ ಜಾರಿದ ಹಾಗೆಯೇ ಜಾರಿತು. ಕೈಯಲ್ಲಿ ಬ್ರೇಕು ಇದ್ದಿದ್ದರೆ ಹುರುಳಿಗಿಂತ ಹತ್ತು ಮಾರು ಹಿಂದೆಯೇ ನಿಲ್ಲಬಹುದಿತ್ತು. ಜನ ಸೇರಿದರು. ಈ ಅನಂತರಾಜುವಿಗೆ ಗಾಡಿ ಓಡಿಸಲು ಬರುವುದಿಲ್ಲ ಎನ್ನುತ್ತಾರಲ್ಲ ಎಂದು ಬಾಯಿಗೆ ಬಂದ ನಾಯಿಯನ್ನು ಹೇಳಿಬಿಟ್ಟೆ. ಮಾರನೆಯ ದಿನ ಅಂಕಯ್ಯ ಮನೆಗೆ ಬಂದು, ಟವೆಲ್ಲು ಕೈಯಲ್ಲಿ ಹಿಡಿದು, "ತೆಪ್ಪಾಯ್ತು ಕಣಣ್ಣ, ಮಾತು ಬರ್ದ ಪ್ರಾಣಿ" ಎಂದ. ಆಮೇಲೆ ಆ ನಾಯಿಯನ್ನು ಗೋಣಿಚೀಲಕ್ಕೆ ತುಂಬಿ ಮಾಗಡಿಯ ಆಚೆ ಬಿಟ್ಟು ಬಂದ. ತನ್ನ ತಟ್ಟೆಯಲ್ಲೇ ಮುದ್ದೆ ಹಾಕಿ ಸಾಕಿದ್ದ ನಾಯಿ. ನಾನೇನು ಹೇಳಿದೆ ಗೊತ್ತೇ? "ಹೋಗ್ಲಿ ಬುಡು, ನಾಯಿಗೇನ್ ಗೊತ್ತಾಯ್ತದೆ" ಎಂದು ದೊಡ್ಡ ಮನುಷ್ಯನಂತೆ ಅವನನ್ನು ಕ್ಷಮಿಸಿದೆ. ಥೂ! ಇದನ್ನು ಬರೆಯುವಾಗ ನನ್ನ ಕೈಯನ್ನು ಕಂಡರೆ ನನಗೇ ಹೇಸಿಗೆಯಾಗುತ್ತಿದೆ.

ಈಗ ನಾನು ಗಾಡಿ ನಿಲ್ಲಿಸಬಲ್ಲೆ. ಆದರೆ ನಿಮ್ಮಮ್ಮನನ್ನು ಬಾ, ಕೂತುಕೋ ಎಂದು ಯಾವ ಮುಖದಲ್ಲಿ ಕರೆಯಲಿ? ನೀನೇ ಫೋನಿನಲ್ಲಿ ಮೆತ್ತಗೆ ಹೇಳುತ್ತೀಯಾ ಎಂದು ಕೇಳಲು ಈ ಕಾಗದ. ಹೇಡಿ ಅಪ್ಪ ಎಂದುಕೋ, ಬೇಜಾರಿಲ್ಲ. ಊಟ ತಪ್ಪಿಸಬೇಡ. ನಿನ್ನ ರೂಮಿನ ಗೆಳತಿಗೂ ನಮ್ಮ ನೆನಪು ತಿಳಿಸು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ ಅಪ್ಪ,
ಅನಂತರಾಜು

ವಿ.ಸೂ.: ಕಾಗದ ಮಡಚುವಾಗ ನಿಮ್ಮಮ್ಮ ಕಾಫಿ ತಂದಳು. ತಡೆಯಲಾಗಲಿಲ್ಲ, ನಾನೇ ಹೇಳಿಬಿಟ್ಟೆ. ಅವಳು ಅಳಲಿಲ್ಲ, ಬೈಯಲಿಲ್ಲ. "ಹಿಂದೆ ಕುಂತಿದ್ದೋಳು ನಾನು, ನಂಗೆ ಕಣ್ಣಿರ್ನಿಲ್ವಾ? ಬಿದ್ದಿದ್ಕಲ್ಲ ನಾನು ಗಾಡಿ ಹತ್ದೆ ಇದ್ದಿದ್ದು. ಗಂಡನ ಮಾನ ನಾನೇ ಕಳೀಬಾರ್ದು ಅಂತ ಬಾಯ್ ಮುಚ್ಕೊಂಡಿದ್ದೆ. ನೀವೇ ಹೇಳ್ತೀರಾ ಅಂತ ಕಾಯ್ತಿದ್ದೆ" ಎಂದಳು. ಇದನ್ನು ಅಂಕಯ್ಯನಿಗೂ ನಾನೇ ಹೇಳಬೇಕಂತೆ. ಈಗ ಸೆರಗು ಸಿಕ್ಕಿಸಿಕೊಂಡು, ನನ್ನ ಹೆಲ್ಮೆಟ್ ಹಿಡಿದು ಗಾಡಿಯ ಪಕ್ಕ ನಿಂತಿದ್ದಾಳೆ. ಅಂಕಯ್ಯನ ಮನೆ ಇಲ್ಲಿಂದ ನೂರು ಹೆಜ್ಜೆಯೂ ಇಲ್ಲ, ನಡೆದೇ ಹೋಗೋಣ ಎಂದೆ. "ಅವನ ಮನೆಗಾದ್ರೆ ಹತ್ತೀನಿ, ಇಲ್ದಿದ್ರೆ ನಂಗೆ ಬಸ್ಸೇ ಸಾಕು" ಎನ್ನುತ್ತಿದ್ದಾಳೆ. ಹೊರಟೆ.