ಉಳಿದ ಹದಿನಾಲ್ಕು ಫೋನುಗಳು

ಜೂನ್ 8, 2009. ಸೋಮವಾರ

ಅರವತ್ತರಲ್ಲಿ ಇವತ್ತಿಗೆ ಇಪ್ಪತ್ತಾರು ಫೋನ್ ಮುಗಿದವು. ಬ್ರೌಸರ್ ಹಾಕು, ಪೇಜ್ ತೆರೆ, ಕಾಯು, ಪಟ್ಟಿಯಲ್ಲಿ ಬರೆ. ಗಟ್ಟಿ ಫೋನಿಗೆ ದೊಡ್ಡ ಬ್ರೌಸರ್, ಹಳೇ ಬಡ ಫೋನಿಗೆ ಚಿಕ್ಕದು; ಅದಕ್ಕೆ ದೊಡ್ಡದು ಹಾಕಿದರೆ ಬರೀ ಬಿಳಿ ಪರದೆ. ಹಾಸ್ಟೆಲ್ ಟ್ರಸ್ಟ್‌ನವರಿಗೆ ಈ ಪಟ್ಟಿ ಬೇಕು. ಅರ್ಜಿ ಹಾಕಿದ ಹುಡುಗಿಯರ ಮನೆಯ ಫೋನಿಗೆ ಹೊಂದುವ ಬ್ರೌಸರ್ ಕಳಿಸುತ್ತಾರಂತೆ. ಸೀಟು ಸಿಕ್ಕಿತೋ ಇಲ್ಲವೋ ಅದರಲ್ಲೇ ನೋಡಿಕೊಳ್ಳಬೇಕು.

ಹೆಬ್ಬೆರಳು ಊದಿದೆ. ರಾಜಾಜಿನಗರದ ಆಫೀಸಿನಿಂದ ಬ್ಯಾಡರಹಳ್ಳಿಯ ಮನೆವರೆಗೂ ಬಸ್ಸಿನಲ್ಲಿ ನಿಂತೇ ಬಂದೆ.

ಜೂನ್ 11. ಗುರುವಾರ, ಸಂಜೆ 6.40

ಇನ್ನೂ ಹದಿನಾಲ್ಕು ಉಳಿದಿದ್ದವು. ನಮ್ಮ ಟೀಮಿನ ನಾಗರಾಜು ಸಾರ್ ಬ್ಯಾಗ್ ಹೆಗಲಿಗೇರಿಸಿ ನಿಂತಿದ್ದರು. "ಕೀರ್ತನಾ, ಇವತ್ತೇ ಶೀಟ್ ಕಳಿಸಿಬಿಡಮ್ಮ."

ಫೋನ್ ಮುಟ್ಟದೆ, ಎಕ್ಸೆಲ್‌ನಲ್ಲಿ ಮೇಲಿನ ಸಾಲನ್ನೇ ಹಿಡಿದು ಹದಿನಾಲ್ಕಕ್ಕೂ ಎಳೆದುಬಿಟ್ಟೆ. ಎಲ್ಲಕ್ಕೂ 'ದೊಡ್ಡದು'. ಹಳೇ ಡಬ್ಬಾ ಮಾಡೆಲ್‌ಗಳು... ಈಗ ಯಾರ ಹತ್ತಿರ ಇರುತ್ತವೆ? ಸಾಕಾಗಿದೆ.

ಜೂನ್ 18. ಗುರುವಾರ

ಆಫೀಸ್ ಗುಡಿಸುವ ಗುರವ್ವ ಗದಗ ಕಡೆಯವಳು. ಮಗಳು ಶಿಲ್ಪಾಗೆ ಅದೇ ಹಾಸ್ಟೆಲ್‌ಗೆ ಅರ್ಜಿ ಹಾಕಿದ್ದಾಳಂತೆ. ಸೀಟು ಸಿಕ್ಕರೆ ಕಾಲೇಜು, ಇಲ್ಲದಿದ್ದರೆ ಗಾರ್ಮೆಂಟ್ಸ್. ಸಿಕ್ಕವರು ಶನಿವಾರದೊಳಗೆ ಒಪ್ಪಿಗೆ ಕೊಡಬೇಕು.

"ಅಕ್ಕಾರ, ಪಟ್ಟಿ ಬಂದೈತಂತ, ಈ ಫೋನ್ ಒಂದೀಟು ನೋಡ್ತೀರೇನ್ರಿ?"

"ನಾಳೆ ನೋಡ್ತೀನಿ ಗುರವ್ವ. ತಲೆ ಸಿಡೀತಾ ಇದೆ."

ನಿಜವಾಗಿಯೂ ಸಿಡಿಯುತ್ತಿತ್ತು. ಮೈ ಬಿಸಿ.

ಜೂನ್ 23. ಮಂಗಳವಾರ, ಆಫೀಸ್

ನಾಲ್ಕು ದಿನ ಜ್ವರ. ಇವತ್ತು ಬಂದೆ. ಗುರವ್ವನನ್ನು ನಾನೇ ಕೇಳಿದೆ.

"ಹೆಸ್ರು ಬಂದಿಲ್ಲ ಬಿಡ್ರಿ. ಎಷ್ಟ್ ಸಲ ತೆಗದ್ರೂ ಬರೀ ಬಿಳೇ ಹಾಳಿ. ನಿನ್ನೆ ಅಕಿನ್ನ ಗಾರ್ಮೆಂಟ್ಸ್‌ಗೆ ಹಚ್ಚಿದೆ."

ಫೋನ್ ಇಸಿದುಕೊಂಡೆ. ಆ ಹದಿನಾಲ್ಕರಲ್ಲಿ ಒಂದು. ಒಳಗೆ ದೊಡ್ಡ ಬ್ರೌಸರ್. ಅದನ್ನು ತೆಗೆದು ಚಿಕ್ಕದು ಹಾಕಿದೆ. ಒಂದು ನಿಮಿಷ ಹತ್ತು ಸೆಕೆಂಡ್ — ಸೀಟು ಸಿಕ್ಕವರ ಪಟ್ಟಿ ಬಂತು. ನಲವತ್ತೊಂದನೇ ಸಾಲು. ಇಂಗ್ಲಿಷ್ ಬಾರದಿದ್ದರೂ ಗುರವ್ವ ಮಗಳ ಹೆಸರು ಗುರುತು ಹಿಡಿದಳು.

"ಐತಲ್ರೀ! ಅಕ್ಕಾರ, ನಿಮ್ಮ ಕೈಗುಣ ನೋಡ್ರಿ!"

ಟೀ ಮಾಡುವಲ್ಲಿಂದ ಸಕ್ಕರೆ ತಂದು ನನ್ನ ಬಾಯಿಗೇ ಹಾಕಿದಳು. ಅವಳು ಆಚೆ ಹೋದ ಮೇಲೆ ಟ್ರಸ್ಟ್‌ಗೆ ಫೋನ್ ಮಾಡಿದೆ. "ಶನಿವಾರಕ್ಕೇ ಡೇಟ್ ಮುಗೀತಲ್ಲ ಮೇಡಂ. ಆ ಸೀಟು ವೇಟಿಂಗ್ ಲಿಸ್ಟ್‌ನವ್ರಿಗೆ ಕೊಟ್ಬಿಟ್ವಿ."

ತಪ್ಪು ನನ್ನದೇ ಎಂದೆ. "ಏನ್ಮಾಡಕ್ಕಾಗಲ್ಲ" ಎಂದರು.

ಆಚೆ ಗುರವ್ವ ಮಗಳಿಗೆ ಫೋನ್ ಮಾಡುತ್ತಿದ್ದಾಳೆ. ನಾಳೆಯಿಂದ ಗಾರ್ಮೆಂಟ್ಸ್ ಬೇಡ, ಇವತ್ತೇ ಬಿಟ್ಟು ಬಾ ಎನ್ನುತ್ತಿದ್ದಾಳೆ. ಅವಳು ಫೋನ್ ಇಡುವುದರೊಳಗೆ ನಾನು ಎದ್ದು ಹೋಗಿ, ಸೀಟು ಹೋಯಿತೆಂದು ಹೇಳಬೇಕು—