ಬೆನ್ನ ಮೇಲಿನ ಹೆಸರು

ತಮ್ಮಾ,

ಸ್ಟಿಕ್ ಹಿಡಿದರೆ ಚೆಂಡು ಬಿಟ್ಟು ನನ್ನ ಮೊಣಕಾಲಿಗೇ ಬಾರಿಸುತ್ತಿದ್ದ ನೀನು, ಇವತ್ತು ಅಂತರರಾಷ್ಟ್ರೀಯ ಜೂನಿಯರ್ ಹಾಕಿ ಟೂರ್ನಿಯ ಕ್ವಾರ್ಟರ್ ಫೈನಲ್‌ನಲ್ಲಿ ಗೋಲು ಹೊಡೆದೆ. ಹೊಡೆದದ್ದು ನಾನು, ಆದರೆ ಮೈಕಿನಲ್ಲಿ ಕೂಗಿದ್ದು ನಿನ್ನ ಹೆಸರು. ಜೊತೆಗೆ, "ಇವತ್ತು ಇವರ ಹುಟ್ಟುಹಬ್ಬ, ಇಪ್ಪತ್ತು ತುಂಬಿತು!" ಎಂದರು. ಇಡೀ ಗ್ಯಾಲರಿ ಎದ್ದುನಿಂತು ಚಪ್ಪಾಳೆ ತಟ್ಟಿತು.

ನನಗೆ ಇಪ್ಪತ್ತೆರಡು ಅಂತ ನಿನಗೆ ಗೊತ್ತು. ನೀನು ಜ್ವರದಲ್ಲಿ ತೀರಿಹೋದ ವರ್ಷವೇ ಕ್ರೀಡಾ ಹಾಸ್ಟೆಲ್‌ನ ಆಯ್ಕೆ ಬಂತು, ನನ್ನ ವಯಸ್ಸು ಮೀರಿತ್ತು. ಅಪ್ಪ ನಿನ್ನ ಜನನ ಪತ್ರ ತೆಗೆದು ನನ್ನ ಕೈಗಿಟ್ಟರು. "ಕಪಾಟಲ್ಲಿ ಕೊಳೆಯೋ ಕಾಗದ. ಯಾರಿಗೇನು ನಷ್ಟ?" ಅಂದರು. ನಾನು ಅದನ್ನು ಮಡಚಿ ಜೇಬಿಗಿಟ್ಟುಕೊಂಡೆ. ಅಂದಿನಿಂದ ನಾನೇ ನೀನು.

ಡ್ರೆಸ್ಸಿಂಗ್ ರೂಮಿನಲ್ಲಿ ಹುಡುಗರು ಕೇಕ್ ತಂದು ಮುಖಕ್ಕೆಲ್ಲ ಮೆತ್ತಿದರು. ತೊಳೆದುಕೊಳ್ಳುತ್ತಿದ್ದಾಗ ಅಮ್ಮನ ಫೋನ್ ಬಂತು. ಟಿವಿಯಲ್ಲಿ ಎಲ್ಲ ನೋಡಿದ್ದಳು. ಗೋಲಿನ ಮಾತೆತ್ತಲಿಲ್ಲ.

"ಕಪ್ ಗೆದ್ದ ಮೇಲಾದ್ರೂ ಅವನ ಹೆಸರು ಅವನಿಗೆ ವಾಪಸ್ ಕೊಡ್ತೀಯೇನೋ?" ಅಂದಳು.

ಮುಖದ ಮೇಲಿನ ಕೇಕ್ ಇನ್ನೂ ಪೂರ್ತಿ ಹೋಗಿರಲಿಲ್ಲ.

"ನಾಡಿದ್ದು ಸೆಮಿಫೈನಲ್ ಇದೆ ಕಣಮ್ಮಾ," ಅಂದೆ.